ಮಕ್ಕಳ ಮತ್ತು ಕುಟುಂಬದ ಶುಶ್ರೂಷೆ: ವಿಜಯನಗರದ ಐದು ತಾಲ್ಲೂಕುಗಳಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಪ್ರಾಯೋಗಿಕ ತರಬೇತಿ

ಕಾಯಿಲೆ ಬಿದ್ದ ಮಗುವನ್ನೂ ಆ ಮಗುವಿನ ಮನೆಯವರನ್ನೂ ನೋಡಿಕೊಳ್ಳುವ ಕೆಲಸವನ್ನು ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡು, ಲಸಿಕೆ ಕೇಂದ್ರ, ಅಂಗನವಾಡಿ ಮತ್ತು ಮನೆಗಳಲ್ಲಿ ಮೇಲ್ವಿಚಾರಣೆಯಡಿ ಮಾಡಿ ಕಲಿಯುವ ಭಾಗವೇ ಪ್ರಾಯೋಗಿಕ ತರಬೇತಿ. ವಿದ್ಯಾರ್ಥಿಗಳು ಇದನ್ನು ಕರೆಯುವುದು ‘ಪೋಸ್ಟಿಂಗ್’ ಎಂದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ವಿಜಯನಗರ ಜಿಲ್ಲೆಯ ಹೊಸಪೇಟೆ ಬಿಟ್ಟು ಉಳಿದ ಐದು ತಾಲ್ಲೂಕುಗಳು. ಮಕ್ಕಳ ದೊಡ್ಡ ವಾರ್ಡುಗಳು, ತೀವ್ರ ನಿಗಾ ಘಟಕಗಳು ಇವುಗಳ ಆಚೆ ಇವೆ: ಹೊಸಪೇಟೆಯಲ್ಲಿ, ಬಳ್ಳಾರಿಯಲ್ಲಿ, ದಾವಣಗೆರೆಯಲ್ಲಿ. ಮಕ್ಕಳೂ ಮನೆಗಳೂ ಇರುವುದು ಇಲ್ಲಿ. ಈ ಸೀಮೆಯಲ್ಲಿ ತರಬೇತಿಯ ಸ್ವರೂಪವನ್ನೂ ಅದರ ಕೊರತೆಯನ್ನೂ ಈ ಒಂದು ಸಂಗತಿಯೇ ಬಹುಮಟ್ಟಿಗೆ ನಿರ್ಧರಿಸಿದೆ.

ಸೀಮೆ

ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ರಾಜ್ಯದ 31ನೆಯ ಜಿಲ್ಲೆಯಾಯಿತು. ಕೊಟ್ಟೂರು ಅದಕ್ಕೆ ಕೆಲವೇ ವರ್ಷ ಮೊದಲು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಗಿತ್ತು. ಹರಪನಹಳ್ಳಿಯ ಅಲೆದಾಟ ಇನ್ನೂ ದೊಡ್ಡದು. 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಇದು ಬರೀ ಆಡಳಿತದ ಮಾತಲ್ಲ. ವಿದ್ಯಾರ್ಥಿಗಳನ್ನು ಸರ್ಕಾರಿ ಆಸ್ಪತ್ರೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪೋಸ್ಟಿಂಗ್‌ಗೆ ಕಳಿಸಲು ಜಿಲ್ಲೆಯ ಅಧಿಕಾರಿಗಳ ಅನುಮತಿ ಪತ್ರ ಬೇಕು. ಜಿಲ್ಲೆ ಬದಲಾದಾಗಲೆಲ್ಲ ಆ ಪತ್ರ ಹೋಗಬೇಕಾದ ಕಚೇರಿಯೂ ಬದಲಾಗುತ್ತದೆ.

ರೋಗಿಗಳು ಮಾತ್ರ ಜಿಲ್ಲೆಯ ಗಡಿ ನೋಡಿ ಹೋಗುವುದಿಲ್ಲ. ಹರಪನಹಳ್ಳಿ ಕಡೆಯವರಿಗೆ ಮೊದಲಿನಿಂದಲೂ ದಾವಣಗೆರೆಯೇ ಹತ್ತಿರ. ಅಲ್ಲಿನ ಸರ್ಕಾರಿ ಜಿಲ್ಲಾಸ್ಪತ್ರೆಯ ಹೆಸರಿನಲ್ಲಿರುವ ‘ಚಿಗಟೇರಿ’ ಹರಪನಹಳ್ಳಿ ತಾಲ್ಲೂಕಿನ ಒಂದು ಊರು. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಮತ್ತು ಬಾಪೂಜಿ ಮಕ್ಕಳ ಆರೋಗ್ಯ ಸಂಸ್ಥೆ ಕೂಡ ದಾವಣಗೆರೆಯಲ್ಲಿಯೇ ಇವೆ. ಕೂಡ್ಲಿಗಿ ಮತ್ತು ಹಗರಿಬೊಮ್ಮನಹಳ್ಳಿಯವರು ಹೊಸಪೇಟೆ ಹಿಡಿಯುತ್ತಾರೆ, ಅಲ್ಲಿಂದ ಮುಂದೆ ಬಳ್ಳಾರಿ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಶುರುವಾದದ್ದು. ಜನ ಇಂದಿಗೂ ಅದನ್ನು ‘ವಿಮ್ಸ್’ ಎಂದೇ ಕರೆಯುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಕಷ್ಟಪಡುವ ಎಳೆಗೂಸನ್ನು 108 ವಾಹನದಲ್ಲಿ ‘ಮ್ಯಾಲಕ್ಕೆ’ ಕಳಿಸುತ್ತಾರೆ ಎಂದರೆ ಈ ಮೂರು ಊರುಗಳಲ್ಲಿ ಒಂದಕ್ಕೆ ಎಂದೇ ಅರ್ಥ.

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಸಂಸ್ಥೆಗೆ ಜೋಡಿಸಿಕೊಳ್ಳುವ ಆಸ್ಪತ್ರೆ 15–30 ಕಿ.ಮೀ. ಒಳಗಿರಬೇಕು, ಗುಡ್ಡಗಾಡು ಪ್ರದೇಶಕ್ಕೆ ಮಾತ್ರ 50 ಕಿ.ಮೀ.ವರೆಗೆ ರಿಯಾಯಿತಿ. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಈ ಮೂರೂ ಪಟ್ಟಣಗಳಿಂದ ಹೊಸಪೇಟೆ 50 ಕಿ.ಮೀ.ಗಿಂತ ದೂರ. ನಕ್ಷೆಯ ಮೇಲೆ ಸಣ್ಣದಾಗಿ ಕಾಣುವ ಈ ಅಂತರ ವಿದ್ಯಾರ್ಥಿಯ ದಿನದ ಎರಡು ಮೂರು ಗಂಟೆಯನ್ನು ಬಸ್ಸಿನಲ್ಲೇ ಕಳೆದುಬಿಡುತ್ತದೆ.

ಹಿನ್ನೆಲೆ

ಈ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಜತೆ ಮೈಸೂರು ರಾಜ್ಯ ಸೇರುವವರೆಗೆ ಮದರಾಸು ಪ್ರಾಂತ್ಯದಲ್ಲಿದ್ದವು. ನರ್ಸುಗಳ ಮತ್ತು ಸೂಲಗಿತ್ತಿಯರ ನೋಂದಣಿಗೆ ಆಗ ಅನ್ವಯಿಸುತ್ತಿದ್ದುದು 1926ರ ಮದರಾಸು ಕಾಯಿದೆ. ಮುಂದೆ 1947ರ ಕೇಂದ್ರ ಕಾಯಿದೆಯಿಂದ ಭಾರತೀಯ ನರ್ಸಿಂಗ್ ಪರಿಷತ್ತು, 1961ರ ರಾಜ್ಯ ಕಾಯಿದೆಯಿಂದ ರಾಜ್ಯದ ನರ್ಸಿಂಗ್ ಪರಿಷತ್ತು ರೂಪುಗೊಂಡವು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ರಾಜ್ಯದ ನರ್ಸಿಂಗ್ ಪದವಿಗೆ ಪರೀಕ್ಷೆ ನಡೆಸುತ್ತದೆ. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾಕ್ಕೆ ಬೇರೆಯೇ ಪರೀಕ್ಷಾ ಮಂಡಳಿ ಇದೆ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿ ಹಳೆಯ ಪರಿಷತ್ತಿನ ಜಾಗದಲ್ಲಿ ಆಯೋಗ ರಚಿಸಲು ದಾರಿ ಮಾಡಿತು.

ಮಗುವಿನ ಆರೈಕೆಯಲ್ಲಿ ಕುಟುಂಬವನ್ನೂ ಸೇರಿಸಬೇಕೆಂಬ ವಿಚಾರಕ್ಕೆ ಪಶ್ಚಿಮದಲ್ಲಿ ಒಂದು ಹೋರಾಟದ ಚರಿತ್ರೆಯೇ ಇದೆ. ಇಂಗ್ಲೆಂಡಿನ ಮಕ್ಕಳ ವಾರ್ಡುಗಳಲ್ಲಿ ತಾಯಂದಿರಿಗೆ ವಾರಕ್ಕೆ ಕೆಲವೇ ಗಂಟೆ ಪ್ರವೇಶವಿದ್ದ ಕಾಲದಲ್ಲಿ, ತಾಯಿಯಿಂದ ದೂರವಾದ ಎರಡು ವರ್ಷದ ಮಗು ಆಸ್ಪತ್ರೆಯಲ್ಲಿ ಹೇಗೆ ಕುಗ್ಗುತ್ತದೆ ಎಂಬುದನ್ನು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಚಿತ್ರೀಕರಿಸಿ ತೋರಿಸಿದರು. 1959ರ ಪ್ಲಾಟ್ ವರದಿ ಹೆತ್ತವರಿಗೆ ವಾರ್ಡಿನ ಬಾಗಿಲು ತೆರೆಯಲು ಶಿಫಾರಸು ಮಾಡಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಬಾಗಿಲು ಮುಚ್ಚಿದ್ದೇ ಅಪರೂಪ. ತಾಯಿ ಮಂಚದ ಮೇಲೆ, ಅಜ್ಜಿ ಮಂಚದ ಕೆಳಗೆ, ಅಪ್ಪ ಔಷಧಿ ಚೀಟಿ ಹಿಡಿದು ಹೊರಗೆ. ಇದನ್ನು ಯಾವ ಸಿದ್ಧಾಂತವೂ ಹೇಳಿಕೊಟ್ಟದ್ದಲ್ಲ, ಸಿಬ್ಬಂದಿ ಸಾಲದೆ ಮನೆಯವರೇ ಅರ್ಧ ನರ್ಸುಗಳಾದದ್ದು. ಆದ್ದರಿಂದ ಇಲ್ಲಿನ ವಿದ್ಯಾರ್ಥಿಗಳು ಕುಟುಂಬವನ್ನು ಒಳಗೆ ಕರೆಯುವುದನ್ನು ಹೊಸದಾಗಿ ಕಲಿಯಬೇಕಿಲ್ಲ. ಆಗಲೇ ಒಳಗಿರುವವರ ಜತೆ ಮಾತಾಡುವುದನ್ನು, ಅವರಿಗೆ ಹೇಳಿಕೊಡುವುದನ್ನು, ಅವರಿಂದ ಕೇಳಿ ತಿಳಿಯುವುದನ್ನು ಕಲಿಯಬೇಕು. ಪಠ್ಯಪುಸ್ತಕಗಳು ಈ ವ್ಯತ್ಯಾಸವನ್ನು ಗಮನಿಸಿದಂತೆ ಕಾಣುವುದಿಲ್ಲ.

ಪಠ್ಯಕ್ರಮದ ಲೆಕ್ಕ

2021ರಲ್ಲಿ ಪರಿಷ್ಕೃತವಾದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ ಎಂಟು ಸೆಮಿಸ್ಟರುಗಳದ್ದು. ಮಕ್ಕಳ ಆರೋಗ್ಯ ಶುಶ್ರೂಷೆ ಐದನೆಯ ಮತ್ತು ಆರನೆಯ ಸೆಮಿಸ್ಟರುಗಳಲ್ಲಿ ಬರುತ್ತದೆ. ಪ್ರಾಯೋಗಿಕ ತರಬೇತಿಯ ಒಂದು ಕ್ರೆಡಿಟ್ ಎಂದರೆ 80 ಗಂಟೆ. ಐದನೆಯದರಲ್ಲಿ 160, ಆರನೆಯದರಲ್ಲಿ 80, ಒಟ್ಟು 240 ಗಂಟೆ ಮಕ್ಕಳ ವಿಭಾಗಕ್ಕೆ ಮೀಸಲು. ಇದಲ್ಲದೆ ಕೌಶಲ ಪ್ರಯೋಗಾಲಯದಲ್ಲಿ ಗೊಂಬೆಗಳ ಮೇಲೆ 40 ಗಂಟೆ ಅಭ್ಯಾಸವಿದೆ. ನವಜಾತ ಶಿಶುವಿನ ಅಗತ್ಯ ಆರೈಕೆ, ಆಸ್ಪತ್ರೆಯಲ್ಲಿ ನವಜಾತ ಶಿಶು ಆರೈಕೆ, ಐ.ಎಂ.ಎನ್.ಸಿ.ಐ. (ನವಜಾತ ಶಿಶು ಮತ್ತು ಬಾಲ್ಯದ ಕಾಯಿಲೆಗಳ ಸಮಗ್ರ ನಿರ್ವಹಣೆ) ಮತ್ತು ಮಕ್ಕಳ ಪ್ರಾಣರಕ್ಷಣೆಯ ತರಬೇತಿಗಳನ್ನು ಪಠ್ಯದ ಒಳಗೇ ಹೆಣೆಯಲಾಗಿದೆ. ಎಂಟನೆಯ ಸೆಮಿಸ್ಟರಿನ 22 ವಾರಗಳ ಇಂಟರ್ನ್‌ಶಿಪ್‌ನಲ್ಲಿ ವಾರಕ್ಕೆ 48 ಗಂಟೆ ಕೆಲಸ. ಅದರಲ್ಲಿ 4 ವಾರ ಮಕ್ಕಳ ವಿಭಾಗಕ್ಕೆ, 4 ವಾರ ಸಮುದಾಯಕ್ಕೆ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕು, ಹತ್ತು ವಿದ್ಯಾರ್ಥಿಗಳಿಗೊಬ್ಬ ಬೋಧಕರಿರಬೇಕು ಎಂಬುದು ಪರಿಷತ್ತಿನ ಮಾನದಂಡ.

ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಈ ಅನುಪಾತ ಹಿಗ್ಗಿಸಿದರೂ ಹೊಂದುವುದಿಲ್ಲ. ಮಳೆಗಾಲದ ವಾಂತಿಭೇದಿಯ ದಿನಗಳಲ್ಲಿ ಮಂಚಗಳು ತುಂಬಿರುತ್ತವೆ. ಬೇಸಿಗೆಯ ಒಂದು ಸಾಮಾನ್ಯ ದಿನ ನಾಲ್ಕು ಮಕ್ಕಳಿರುವಲ್ಲಿ ಹತ್ತು ಬಿಳಿ ಕೋಟುಗಳು ನಿಂತಿರುತ್ತವೆ. ಒಂದೇ ಮಗುವಿನ ಉಷ್ಣಾಂಶವನ್ನು ಐದು ಜನ ನೋಡಿ ಐದು ಲಾಗ್ ಬುಕ್ಕುಗಳಲ್ಲಿ ಬರೆದುಕೊಳ್ಳುತ್ತಾರೆ. ಗಂಟೆಗಳು ಪೂರ್ತಿಯಾಗುತ್ತವೆ.

ವಾರ್ಡಿನಲ್ಲಿ

ಮಕ್ಕಳ ವಾರ್ಡಿನಲ್ಲಿ ಮೊದಲು ಕಲಿಯಬೇಕಾದದ್ದು ಉಸಿರು ಎಣಿಸುವುದು. ಕೇಳಲು ಸುಲಭ, ಮಾಡಲು ಕಷ್ಟ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಎತ್ತಿ ಹೊಟ್ಟೆ ನೋಡುತ್ತ ಪೂರಾ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಅಭ್ಯಾಸ ಬೇಗ ಹತ್ತುತ್ತದೆ. ಎಳೆಗೂಸಿನ ಉಸಿರು ಒಂದೇ ಲಯದಲ್ಲಿರುವುದಿಲ್ಲವಾದ್ದರಿಂದ ಆ ಲೆಕ್ಕ ತಪ್ಪುತ್ತದೆ. ಐ.ಎಂ.ಎನ್.ಸಿ.ಐ. ಪ್ರಕಾರ ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಮತ್ತು ಮೇಲ್ಪಟ್ಟು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಮತ್ತು ಮೇಲ್ಪಟ್ಟು, ಒಂದರಿಂದ ಐದು ವರ್ಷದವರೆಗೆ 40 ಮತ್ತು ಮೇಲ್ಪಟ್ಟು ಇದ್ದರೆ ವೇಗದ ಉಸಿರು. ಅದೇ ಪದ್ಧತಿ ಕಾಯಿಲೆಯನ್ನು ಗುಲಾಬಿ, ಹಳದಿ, ಹಸಿರು ಎಂದು ಮೂರು ಬಣ್ಣಗಳಲ್ಲಿ ವಿಂಗಡಿಸುತ್ತದೆ: ಗುಲಾಬಿಗೆ ಕೂಡಲೇ ದೊಡ್ಡ ಆಸ್ಪತ್ರೆ, ಹಳದಿಗೆ ಇಲ್ಲೇ ಔಷಧಿ, ಹಸಿರಿಗೆ ಮನೆಯ ಆರೈಕೆ. ‘ಕೂಸು ನಿನ್ನಿಯಿಂದ ಹಾಲು ಕುಡೀವಲ್ದು ನೋಡ್ರಿ, ಪಕ್ಕಿ ಸೆಳೀತೈತಿ’ ಎಂದು ತಾಯಿ ಹೇಳಿದ ಎರಡು ಮಾತಿನಲ್ಲಿಯೇ ಗುಲಾಬಿಯ ಎರಡು ಲಕ್ಷಣಗಳಿವೆ. ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದು ಕರ್ನಾಟಕದಲ್ಲಿ ಓದುವ ವಿದ್ಯಾರ್ಥಿಗಳಿಗೆ ಈ ಮಾತು ದಾಟುವುದು ಕಷ್ಟ. ಊರಿನ ಸಹಪಾಠಿ ಪಕ್ಕದಲ್ಲಿದ್ದರೆ ಕೆಲಸ ನಡೆಯುತ್ತದೆ.

ಎರಡನೆಯದು ಔಷಧಿಯ ಲೆಕ್ಕ. ದೊಡ್ಡವರಿಗೆ ಮಾತ್ರೆ ಎಣಿಸಿದರಾಯಿತು. ಮಕ್ಕಳಿಗೆ ತೂಕದ ಮೇಲೆ ಲೆಕ್ಕ ಹಾಕಬೇಕು. ಎಂಟು ಕಿಲೋ ಮಗುವಿಗೆ ಕಿಲೋಗೆ 15 ಮಿ.ಗ್ರಾಂ.ನಂತೆ ಪ್ಯಾರಾಸಿಟಮಾಲ್ 120 ಮಿ.ಗ್ರಾಂ. ಬೇಕು. ಐದು ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ಪಾದರೆ 4.8 ಮಿ.ಲೀ. ಎಳೆಮಕ್ಕಳಿಗೆಂದು ಮಾರುವ ಹನಿ ಔಷಧಿಯಲ್ಲಿ ಒಂದು ಮಿ.ಲೀ.ಗೇ 100 ಮಿ.ಗ್ರಾಂ. ಇರುತ್ತದೆ, ಅಂದರೆ ಸಿರಪ್ಪಿನ ನಾಲ್ಕು ಪಟ್ಟು. ಮನೆಯಲ್ಲಿ ಎರಡೂ ಬಾಟಲಿ ಇದ್ದು ಅಜ್ಜಿ ಚಮಚೆಯಲ್ಲಿ ಹನಿ ಔಷಧಿ ಕುಡಿಸಿದರೆ ಏನಾಗುತ್ತದೆಂದು ವಿದ್ಯಾರ್ಥಿಗೆ ಅರ್ಥವಾಗಬೇಕು, ಅರ್ಥವಾದದ್ದನ್ನು ಅಜ್ಜಿಗೆ ಹೇಳಲೂ ಬರಬೇಕು. ಗ್ಲೂಕೋಸ್ ಏರಿಸುವುದಕ್ಕೂ ಇದೇ ಎಚ್ಚರ ಬೇಕು: ಅದೇ ಎಂಟು ಕಿಲೋ ಮಗುವಿಗೆ ದಿನಕ್ಕೆ 800 ಮಿ.ಲೀ., ಗಂಟೆಗೆ ಸುಮಾರು 33. ಮೈಕ್ರೋ ಡ್ರಿಪ್ ಸೆಟ್‌ನಲ್ಲಿ 60 ಹನಿಗೆ ಒಂದು ಮಿ.ಲೀ. ಆದ್ದರಿಂದ ನಿಮಿಷಕ್ಕೆ 33 ಹನಿ. ಇನ್‌ಫ್ಯೂಷನ್ ಪಂಪು ಇರುವಲ್ಲಿ ಕಲಿತವರು ಹನಿ ಎಣಿಸುವುದನ್ನು ಮರೆಯುತ್ತಾರೆ. ಕರೆಂಟು ಹೋಗುವ ಊರಿನಲ್ಲಿ ಎಣಿಸಲು ಬರಲೇಬೇಕು.

ಈ ಬಯಲುಸೀಮೆಯ ವಾರ್ಡುಗಳಿಗೆ ತಮ್ಮದೇ ಆದ ಕೆಲವು ಪಾಠಗಳಿವೆ. ಮೆಕ್ಕೆಜೋಳ, ಶೇಂಗಾ ಬೆಳೆಯುವ ಹೊಲಗಳ ಬದಿಯಲ್ಲಿ ಆಡುವ ಮಕ್ಕಳಿಗೆ ಹಾವು, ಚೇಳು ಕಡಿಯುತ್ತವೆ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಪ್ರಮಾಣ ಮಗುವಿಗೂ ದೊಡ್ಡವರಿಗೂ ಒಂದೇ. ವಿಷದ ಪ್ರಮಾಣ ಮಗುವಿನ ತೂಕ ನೋಡಿ ಕಡಿಮೆಯಾಗುವುದಿಲ್ಲವಲ್ಲ. ಎಲ್ಲವನ್ನೂ ತೂಕದ ಮೇಲೆ ಲೆಕ್ಕ ಹಾಕಿ ರೂಢಿಯಾದ ವಿದ್ಯಾರ್ಥಿಗೆ ಇದು ಅಚ್ಚರಿ ತರುತ್ತದೆ. ಚೇಳಿನ ಕಡಿತಕ್ಕೆ ಪ್ರಾಜೋಸಿನ್ ಕೊಟ್ಟು ಮಕ್ಕಳನ್ನು ಉಳಿಸುವ ಕ್ರಮವನ್ನು ರೂಢಿಗೆ ತಂದವರು ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯ ಹಿಮ್ಮತರಾವ್ ಬಾವಸ್ಕರ್. ಕೂಡ್ಲಿಗಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿ.ಗ್ರಾಂ. ಮೀರಿದರೆ ಮೊದಲು ಕಾಣುವುದು ಶಾಲೆ ಮಕ್ಕಳ ಹಲ್ಲಿನ ಕಂದು ಪಟ್ಟೆಗಳಲ್ಲಿ. ಮಕ್ಕಳ ವಾರ್ಡಿನ ತಪಾಸಣೆ ಹಾಳೆಯಲ್ಲಿ ಹಲ್ಲಿಗೊಂದು ಸಾಲು ಮಾತ್ರ ಇರುತ್ತದೆ. ಈ ಸೀಮೆಯಲ್ಲಿ ಆ ಸಾಲನ್ನು ಖಾಲಿ ಬಿಡಬಾರದು.

ನವಜಾತ ಶಿಶು ಘಟಕಗಳು ಮೂರು ಹಂತದವು. ಹೆರಿಗೆ ಆಗುವ ಪ್ರತಿ ಕೇಂದ್ರದಲ್ಲಿ ಶಿಶು ಆರೈಕೆ ಮೂಲೆ, ತಾಲ್ಲೂಕು ಮಟ್ಟದಲ್ಲಿ ಶಿಶು ಸ್ಥಿರೀಕರಣ ಘಟಕ, ಜಿಲ್ಲಾಸ್ಪತ್ರೆಯಲ್ಲಿ ವಿಶೇಷ ಆರೈಕೆ ಘಟಕ. ಅಳದೆ ಹುಟ್ಟಿದ ಕೂಸಿಗೆ ಮೊದಲ ಒಂದು ನಿಮಿಷದೊಳಗೆ ಚೀಲ-ಮುಖವಾಡದಿಂದ ಉಸಿರು ಕೊಡುವುದನ್ನು ವಿದ್ಯಾರ್ಥಿಗಳು ಗೊಂಬೆಯ ಮೇಲೆ ಕಲಿಯುತ್ತಾರೆ. ಹುಟ್ಟಿದಾಗ 2,500 ಗ್ರಾಂ.ಗಿಂತ ಕಡಿಮೆ ತೂಗುವ ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ಅದನ್ನು ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ತುಂಗಭದ್ರೆಯ ಆಚೆ ದಡದ ಕೊಪ್ಪಳ. ಹಡಗಲಿ, ಹಗರಿಬೊಮ್ಮನಹಳ್ಳಿಯ ತಾಯಂದಿರು ಬೇರೆಯವರಲ್ಲ, ಕೊಪ್ಪಳದಲ್ಲಿ ಸಾಧ್ಯವಾದದ್ದು ಇಲ್ಲಿ ಆಗದೆಂದು ಹೇಳಲು ಕಾರಣವಿಲ್ಲ. ಈ ಆರೈಕೆಯನ್ನು ಅಪ್ಪನೂ ಮಾಡಬಹುದು. ಅವನನ್ನು ಒಪ್ಪಿಸುವುದು ಮೂರನೆಯ ವರ್ಷದ ಹುಡುಗಿಗೆ ಸುಲಭವಲ್ಲ. ಅತ್ತೆಯನ್ನು ಮೊದಲು ಒಪ್ಪಿಸಿದರೆ ಅರ್ಧ ದಾರಿ ಕಳೆದಂತೆ ಎಂದು ವಾರ್ಡ್ ಸಿಸ್ಟರುಗಳು ಹೇಳಿಕೊಡುತ್ತಾರೆ.

ತೂಕ, ತೋಳಿನ ಪಟ್ಟಿ, ಹದಿನಾಲ್ಕು ದಿನ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 19.5 ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರಲ್ಲಿ ಶೇ. 65.5 ರಕ್ತಹೀನತೆ ಇರುವವರು. ಅದೇ ಸಮೀಕ್ಷೆಯಲ್ಲಿ ಆಸ್ಪತ್ರೆ ಹೆರಿಗೆ ಶೇ. 97. ಈ ಅಂಕಿಗಳನ್ನು ಒಟ್ಟಿಗೆ ಓದಿದರೆ ತರಬೇತಿಯ ಭಾರ ಎಲ್ಲಿ ಬೀಳಬೇಕೆಂದು ಗೊತ್ತಾಗುತ್ತದೆ: ಕೂಸು ಆಸ್ಪತ್ರೆಯಲ್ಲಿ ಹುಟ್ಟಿ ಮನೆಗೆ ಹೋದ ಮೇಲೆ ಸೊರಗುತ್ತಿದೆ.

ಅಂಗನವಾಡಿಯಲ್ಲಿ ವಿದ್ಯಾರ್ಥಿಗಳು ತೂಕ, ಎತ್ತರ, ತೋಳಿನ ಸುತ್ತಳತೆ ತೆಗೆಯುತ್ತಾರೆ. ಬಣ್ಣದ ಪಟ್ಟಿಯಲ್ಲಿ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ, ಅಥವಾ ಎರಡೂ ಪಾದಗಳಲ್ಲಿ ಬಾವು ಕಂಡರೆ, ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಬೇರೆ ತೊಡಕುಗಳೂ ಇದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ. ಅಲ್ಲಿ ತಾಯಿಯ ಜತೆ ಸಾಮಾನ್ಯವಾಗಿ 14 ದಿನ ಇರಬೇಕು. ಮೊದಲ ದಿನಗಳಲ್ಲಿ ಎಫ್-75 ಎಂಬ ತೆಳು ಹಾಲಿನ ಆಹಾರ, ಚೇತರಿಸಿಕೊಂಡ ಮೇಲೆ ಎಫ್-100. ಸೊರಗಿದ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬ ಉಣಿಸಿದರೆ ಅಪಾಯ ಎಂಬುದು ತಾಯಂದಿರಿಗೆ ನಂಬಲಾಗದ ಮಾತು, ಎಷ್ಟೋ ವಿದ್ಯಾರ್ಥಿಗಳಿಗೂ.

ಹದಿನಾಲ್ಕು ದಿನ ಕೇಂದ್ರದಲ್ಲಿ ಉಳಿಯುವ ತಾಯಿಗೆ ಕೂಲಿ ನಷ್ಟದ ಪರಿಹಾರ ಉಂಟು. ಆದರೂ ಅವಳು ಮೂರನೆಯ ದಿನ ಹೊರಟು ನಿಲ್ಲುತ್ತಾಳೆ. ಮನೆಯಲ್ಲಿ ಇನ್ನಿಬ್ಬರು ಮಕ್ಕಳಿರುತ್ತಾರೆ, ದನ ಇರುತ್ತದೆ, ಅಡುಗೆಗೆ ಯಾರೂ ಇರುವುದಿಲ್ಲ. ಕೇಸ್ ಸ್ಟಡಿಯಲ್ಲಿ ವಿದ್ಯಾರ್ಥಿಗಳು ಇದಕ್ಕೆ ‘ತಿಳಿವಳಿಕೆಯ ಕೊರತೆ’ ಎಂದು ಬರೆಯುತ್ತಾರೆ; ಶುಶ್ರೂಷಾ ರೋಗನಿರ್ಣಯದ ಪಟ್ಟಿಯಲ್ಲಿ ಸುಲಭಕ್ಕೆ ಸಿಗುವ ಪದ ಅದು. ಹೊರಟವಳಿಗೆ ಏನು ತಿಳಿದಿಲ್ಲವೆಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ, ಏಕೆಂದರೆ ಅವಳಿಗೆ ಎಲ್ಲವೂ ತಿಳಿದಿರುತ್ತದೆ. ಒಳ್ಳೆಯ ಬೋಧಕರು ಅಲ್ಲಿ ಪೆನ್ನು ತಡೆದು, ಅವಳ ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿಸಿ, ಉಳಿದ ಮಕ್ಕಳ ಊಟಕ್ಕೆ ಅಂಗನವಾಡಿಯಲ್ಲಿ ಏರ್ಪಾಡಾಗುತ್ತದೆಯೇ ಎಂದು ವಿಚಾರಿಸಲು ಹಚ್ಚುತ್ತಾರೆ. ಕುಟುಂಬದ ಶುಶ್ರೂಷೆ ಎಂಬುದು ಇದೇ.

ಗುರುವಾರ

ಕರ್ನಾಟಕದ ಹಳ್ಳಿಗಳಲ್ಲಿ ಗುರುವಾರ ಲಸಿಕೆಯ ದಿನ. ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ. ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ (ಊರವರಿಗೆ ಇಂದಿಗೂ ‘ನರ್ಸಮ್ಮ’) ಲಸಿಕೆ ವಾಹಕವನ್ನು ಅಂಗನವಾಡಿಯ ಮೇಜಿನ ಮೇಲಿಟ್ಟು ತಾಯಿ ಕಾರ್ಡು ನೋಡುತ್ತ ಕೂರುತ್ತಾರೆ. ಹುಟ್ಟಿದ ಕೂಡಲೇ ಬಿ.ಸಿ.ಜಿ., ಪೋಲಿಯೊ ಹನಿ, ಹೆಪಟೈಟಿಸ್ ಬಿ. 6, 10 ಮತ್ತು 14 ವಾರಕ್ಕೆ ಪೆಂಟಾ ಮತ್ತು ರೋಟಾ. 9 ತಿಂಗಳಿಗೂ 16–24 ತಿಂಗಳಿಗೂ ದಡಾರ-ರುಬೆಲ್ಲಾ. ಬಳ್ಳಾರಿ ಸೀಮೆ ಜಪಾನೀಸ್ ಮಿದುಳು ಜ್ವರದ ಪ್ರದೇಶವೆಂದು ಗುರುತಾದದ್ದರಿಂದ ಆ ಲಸಿಕೆಯೂ ಸೇರುತ್ತದೆ. ಬಿ.ಸಿ.ಜಿ. ಎಡ ತೋಳಿನ ಚರ್ಮದೊಳಗೆ, ಪೆಂಟಾ ಎಡ ತೊಡೆಗೆ. ಪುಡಿಗೆ ದ್ರವ ಬೆರೆಸಿದ ಬಿ.ಸಿ.ಜಿ. ಮತ್ತು ದಡಾರದ ಸೀಸೆಯನ್ನು ನಾಲ್ಕು ಗಂಟೆಯ ಮೇಲೆ ಬಳಸುವಂತಿಲ್ಲ. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಬೇಕು. ಯಾವ ಲಸಿಕೆ, ಏನಾಗಬಹುದು, ಮತ್ತೆ ಯಾವಾಗ, ಕಾರ್ಡು ಜೋಪಾನ ಎಂಬ ನಾಲ್ಕು ಮಾತು ಹೇಳಬೇಕು. ಮಕ್ಕಳೆಲ್ಲ ಒಟ್ಟಿಗೆ ಅಳುವಾಗ ನಾಲ್ಕರಲ್ಲಿ ಎರಡು ಉಳಿದುಬಿಡುತ್ತವೆ.

ತಪ್ಪಿಸಿಕೊಳ್ಳುವ ಮಕ್ಕಳ ಲೆಕ್ಕ ಈ ತಾಲ್ಲೂಕುಗಳಲ್ಲಿ ವಲಸೆಯ ಲೆಕ್ಕವೂ ಹೌದು. ಸುಗ್ಗಿ ಮುಗಿದ ಮೇಲೆ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ತಾಂಡಾಗಳಿಂದ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಎಳೆಯ ಮಕ್ಕಳು ಜತೆಗೆ ಹೋಗುತ್ತವೆ, ದೊಡ್ಡವು ಅಜ್ಜಿಯ ಬಳಿ ಉಳಿಯುತ್ತವೆ. ಹತ್ತನೆಯ ವಾರದ ಲಸಿಕೆ ಮಂಡ್ಯದಲ್ಲಿ ಬಿದ್ದಿತೋ ಇಲ್ಲವೋ ಎಂಬುದು ತಾಯಿ ಕಾರ್ಡು ಜತೆಗಿದ್ದರೆ ಮಾತ್ರ ಗೊತ್ತು. ಹಬ್ಬಕ್ಕೆ ಊರಿಗೆ ಬರುವ ವಾರಗಳಲ್ಲಿ ಸಮುದಾಯ ಪೋಸ್ಟಿಂಗ್ ಇಟ್ಟುಕೊಂಡರೆ ಬಿಟ್ಟುಹೋದ ಮಕ್ಕಳು ಸಿಗುತ್ತಾರೆ. ಕಾಲೇಜಿನ ವೇಳಾಪಟ್ಟಿಯಲ್ಲಿ ಮಾತ್ರ ಅವು ರಜೆಯ ವಾರಗಳು.

ಮನೆ ಭೇಟಿ

ಸಮುದಾಯ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಕುಟುಂಬಗಳನ್ನು ಹಂಚುತ್ತಾರೆ. ಹೆಗಲಿಗೆ ಚೀಲ, ಒಳಗೆ ಸೋಪು, ಟವೆಲು, ಥರ್ಮಾಮೀಟರು, ತೂಕದ ತಕ್ಕಡಿ, ಗಾಯಕ್ಕೆ ಕಟ್ಟುವ ಸಾಮಾನು. ಹಾಳೆ ಹಾಸಿ ಅದರ ಮೇಲೆ ಚೀಲ ಇಡಬೇಕು, ಮೊದಲು ಕೈ ತೊಳೆಯಬೇಕು, ಆಮೇಲೆ ಮುಟ್ಟಬೇಕು. ಈ ‘ಬ್ಯಾಗ್ ಟೆಕ್ನಿಕ್’ಗೆ ಪರೀಕ್ಷೆಯಲ್ಲಿ ಅಂಕವಿದೆ. ಕೈ ತೊಳೆಯಲು ನೀರು ಕೇಳಿದ ಕೂಡಲೇ ಆ ಮನೆಗೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದೂ ಗೊತ್ತಾಗುತ್ತದೆ; ಅದಕ್ಕೆ ಅಂಕವಿಲ್ಲ.

ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕೆಂಬ ನಿಯಮವಿದೆ. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಹೋಗಬೇಕು. ವಿದ್ಯಾರ್ಥಿ ಅವರ ಬೆನ್ನಿಗೆ ಹೋದರೆ ಬಾಗಿಲು ತೆರೆಯುತ್ತದೆ, ಒಬ್ಬಳೇ ಹೋದರೆ ಅಂಗಳದಲ್ಲೇ ಮಾತು ಮುಗಿಯುತ್ತದೆ. ಒಳಗೆ ಹೋದವಳು ಕುಲಾಯಿ ಹಾಕಿ ಬೆಚ್ಚಗೆ ಸುತ್ತಿದ ಕೂಸನ್ನು, ಹೊಗೆ ತುಂಬಿದ ಕೋಣೆಯನ್ನು, ಬಜೆ ತೇಯುವ ಕಲ್ಲನ್ನು, ಕಣ್ಣಿಗಿಟ್ಟ ಕಾಡಿಗೆಯನ್ನು ನೋಡುತ್ತಾಳೆ. ಇವೆಲ್ಲವನ್ನೂ ‘ಮೂಢನಂಬಿಕೆ’ ಎಂಬ ಒಂದೇ ಕಾಲಂನಲ್ಲಿ ತುಂಬುವುದು ಕೆಟ್ಟ ಶುಶ್ರೂಷೆ. ಬೆಚ್ಚಗೆ ಸುತ್ತುವುದು ಒಳ್ಳೆಯದೇ, ಹೊಗೆ ಒಳ್ಳೆಯದಲ್ಲ. ಎಣ್ಣೆ ತಿಕ್ಕುವುದರಿಂದ ಹಾನಿಯಿಲ್ಲ, ಕಿವಿ ಮೂಗಿಗೆ ಎಣ್ಣೆ ಬಿಡುವುದರಿಂದ ಇದೆ. ಗಿಣ್ಣು ಹಾಲು ಹಿಂಡಿ ಚೆಲ್ಲುವುದನ್ನು ಅದೇ ದಿನ ನಿಲ್ಲಿಸಬೇಕು. ಹೊಟ್ಟೆಗೆ ಬರೆ ಹಾಕುವುದನ್ನು ಕಂಡರೆ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವುದನ್ನು ಬಿಡಬೇಕು, ಯಾವುದಕ್ಕೆ ಜಗಳವಾದರೂ ಸರಿ ಎಂಬ ಈ ವಿವೇಕವನ್ನು ಕಲಿಸುವುದಕ್ಕೆ ಮನೆಯ ಒಳಗೆ ನಿಲ್ಲುವುದನ್ನು ಬಿಟ್ಟರೆ ಬೇರೆ ಉಪಾಯವಿಲ್ಲ.

ಕೆಲವು ಮನೆಗಳಲ್ಲಿ ಕೇಳುವ ಕ್ರಮವೇ ಬೇರೆಯಾಗಬೇಕು. ಕುಟುಂಬ ಪತ್ರಿಕೆಯ ಮೊದಲ ಪ್ರಶ್ನೆ ‘ಯಜಮಾನನ ಹೆಸರು’. ಕೂಡ್ಲಿಗಿ, ಹರಪನಹಳ್ಳಿ ಕಡೆ ದೇವದಾಸಿ ಪದ್ಧತಿಯಿಂದ ನೊಂದ ಮನೆಗಳಿವೆ. ಮುತ್ತು ಕಟ್ಟಿ ದೇವದಾಸಿಯಾಗಿಸುವುದನ್ನು 1982ರ ರಾಜ್ಯ ಕಾಯಿದೆ ನಿಷೇಧಿಸಿದರೂ ಆ ತಾಯಂದಿರ ಮಕ್ಕಳು, ಮೊಮ್ಮಕ್ಕಳು ಇಲ್ಲಿದ್ದಾರೆ. ಅಲ್ಲಿ ಅಪ್ಪನ ಹೆಸರು ಕೇಳಿ ಪೆನ್ನು ಹಿಡಿದು ಕಾಯುವ ವಿದ್ಯಾರ್ಥಿ ಮುಂದಿನ ಯಾವ ಪ್ರಶ್ನೆಗೂ ಉತ್ತರ ಪಡೆಯುವುದಿಲ್ಲ. ‘ಮನೆ ನೋಡಿಕೊಳ್ಳೋರು ಯಾರಕ್ಕಾ?’ ಎಂದರೆ ಸಾಕು. ಸೋದರಮಾವನಿಗೆ ಕೊಟ್ಟ ಮದುವೆಗಳು ಈ ಭಾಗದಲ್ಲಿ ಸಾಮಾನ್ಯವಾದ್ದರಿಂದ ವಂಶವೃಕ್ಷ ಬರೆಯುವುದೂ ಬರೀ ಪರೀಕ್ಷೆಯ ಕಸರತ್ತಲ್ಲ. ಹುಟ್ಟು ಕಿವುಡು, ಹೃದಯದ ದೋಷ ಇರುವ ಮಗುವನ್ನು 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಲು ಅದು ಸುಳಿವು ಕೊಡುತ್ತದೆ.

ಸುಕ್ಷೇಮ: ಕಲಿತವರಿಗೆ ಕೆಲಸದಲ್ಲೇ ಕಲಿಸಿದ ಪ್ರಯೋಗ

ಈ ಸೀಮೆಯಲ್ಲಿ ನರ್ಸುಗಳ ಪ್ರಾಯೋಗಿಕ ಕಲಿಕೆಯ ಬಗ್ಗೆ ಗಟ್ಟಿಯಾಗಿ ನಡೆದ ಅಧ್ಯಯನ ‘ಸುಕ್ಷೇಮ’ ಯೋಜನೆಯದು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಸರ್ಕಾರದ ಜತೆ ಸೇರಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ-ಮಕ್ಕಳ ಆರೈಕೆ ಸುಧಾರಿಸಲು ಅದನ್ನು ನಡೆಸಿದವು. 2012ರ ಸುಮಾರಿಗೆ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ ದಿನದ 24 ಗಂಟೆ ತೆರೆದಿರುವ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 54ಕ್ಕೆ ಅನುಭವಿ ನರ್ಸ್ ಮಾರ್ಗದರ್ಶಕಿಯರನ್ನು ಕಳಿಸಿದರು. ಹರಪನಹಳ್ಳಿ ಆಗ ದಾವಣಗೆರೆಯಲ್ಲಿತ್ತು. ಉಳಿದ ನಮ್ಮ ತಾಲ್ಲೂಕುಗಳು ಬಳ್ಳಾರಿಯ ಲೆಕ್ಕದಲ್ಲಿದ್ದವು. ಮಾರ್ಗದರ್ಶಕಿ ಕೇಂದ್ರಕ್ಕೆ ಮತ್ತೆ ಮತ್ತೆ ಬಂದು, ಅಲ್ಲಿನ ನರ್ಸಿನ ಜತೆಗೇ ಹೆರಿಗೆ ಕೋಣೆಯಲ್ಲಿ ನಿಂತು, ಔಷಧಿ ಕಪಾಟು ನೋಡಿ, ಕೇಸ್ ಶೀಟು ತುಂಬಿಸಿ ಹೋಗುತ್ತಿದ್ದಳು. ಮಾರ್ಗದರ್ಶನ ಸಿಕ್ಕ ಕೇಂದ್ರಗಳ ಸಿದ್ಧತೆ ಮತ್ತು ತಾಯಿ-ಶಿಶುವಿನ ತೊಡಕುಗಳನ್ನು ನಿಭಾಯಿಸುವ ನರ್ಸುಗಳ ತಿಳಿವಳಿಕೆ ಉಳಿದವಕ್ಕಿಂತ ಮೇಲಾದದ್ದು ಪ್ರಕಟಿತ ಫಲಿತಾಂಶದಲ್ಲಿದೆ.

ವಿದ್ಯಾರ್ಥಿಗಳ ತರಬೇತಿಗೆ ಇದರಿಂದ ತೆಗೆದುಕೊಳ್ಳಬೇಕಾದದ್ದು ಬಹಳ, ತೆಗೆದುಕೊಂಡದ್ದು ಕಡಿಮೆ. ಸಾಮಾನ್ಯವಾಗಿ ಬೋಧಕರು ವಿದ್ಯಾರ್ಥಿಗಳ ಜತೆ ಬಸ್ಸಿನಲ್ಲಿ ಬಂದು ಹಾಜರಿ ಹಾಕಿ ಒಂದೆಡೆ ಕೂರುತ್ತಾರೆ. ಕೈಯಲ್ಲಿ ಕೆಲಸ ಮಾಡುವ ಶುಶ್ರೂಷಾಧಿಕಾರಿಗೆ ಕಲಿಸುವ ಜವಾಬ್ದಾರಿ ಇಲ್ಲ, ಸಮಯವಂತೂ ಇಲ್ಲವೇ ಇಲ್ಲ. ಅದೇ ತಾಲ್ಲೂಕಿನಲ್ಲಿ ಹತ್ತಾರು ವರ್ಷ ದುಡಿದ ಹಿರಿಯ ಸಿಸ್ಟರುಗಳನ್ನು ಮಾರ್ಗದರ್ಶಕಿಯರನ್ನಾಗಿ ಗುರುತಿಸಿ ಭತ್ಯೆ ಕೊಟ್ಟರೆ, ಹೊಸಪೇಟೆಗೆ ಬಸ್ಸು ಹತ್ತುವ ಎಷ್ಟೋ ದಿನಗಳು ಉಳಿಯುತ್ತವೆ. ನವಜಾತ ಶಿಶು ಘಟಕ, ಶಸ್ತ್ರಚಿಕಿತ್ಸೆಯಂಥವಕ್ಕೆ ಮಾತ್ರ ದೊಡ್ಡ ಆಸ್ಪತ್ರೆಗೆ ಹೋದರೆ ಸಾಕು.

ಉದ್ಯೋಗ

ಪರಿಷ್ಕೃತ ಪಠ್ಯಕ್ರಮದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯ ತರಬೇತಿಯೂ ಸೇರಿರುವುದರಿಂದ ಪದವಿ ಮುಗಿಸಿದವರು ಉಪಕೇಂದ್ರ ಮಟ್ಟದ ಆರೋಗ್ಯ ಮಂದಿರಗಳಲ್ಲಿ ಆ ಹುದ್ದೆಗೆ ಅರ್ಹರು. ಒಂದು ಉಪಕೇಂದ್ರ ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದರಂತೆ ಇರಬೇಕು. ಸಂವಿಧಾನದ 371(ಜೆ) ವಿಧಿಯಂತೆ ಬಳ್ಳಾರಿ, ವಿಜಯನಗರ ಜಿಲ್ಲೆಗಳೂ ಸೇರಿದ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಶೇ. 70 ಸೀಟುಗಳು, ‘ಸಿ’ ವೃಂದದ ಪ್ರಾದೇಶಿಕ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲು. ದಾವಣಗೆರೆಯಲ್ಲಿದ್ದಷ್ಟು ಕಾಲ ಈ ಸೌಲಭ್ಯದ ಹೊರಗಿದ್ದ ಹರಪನಹಳ್ಳಿಗೆ ಬಳ್ಳಾರಿ ಸೇರಿದ ಮೇಲೆ ಅದು ದಕ್ಕಿತು. ತಾಂಡಾದಿಂದ ಬಂದು ಜಿ.ಎನ್.ಎಂ. ಓದಿದ ಹುಡುಗಿ ತನ್ನ ತಾಲ್ಲೂಕಿನಲ್ಲೇ ಸರ್ಕಾರಿ ನರ್ಸಾಗುವ ದಾರಿ ಹೀಗೆ ತೆರೆದಿದೆ. ಆಸ್ಪತ್ರೆಗೆ ಸೇರಿದ ಮೊದಲ ತಿಂಗಳು ಅವಳು ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರಬೇಕಾಗುತ್ತದೆ. ಹೆರಿಗೆ ಕೋಣೆಯೂ ಮಕ್ಕಳ ವಾರ್ಡೂ ಆಗ ಅವಳೊಬ್ಬಳ ಪಾಲಿಗೆ.